ಬಿಡಿಭಾಗಗಳು ಹೇಳುವ ವ್ಯಾಪಾರನೀತಿ

ಅಮೆರಿಕದಲ್ಲಿ ವಿರಾಮಕಾಲದ ಗುರಿಯಾಟಕ್ಕೆ .22 ರಿಮ್‌ಫೈರ್ ರೈಫಲ್ ಬಹು ಜನಪ್ರಿಯವಾದುದು. ಅದರ ಒದೆತ ಅಲ್ಪ, ತೋಟಾ ಅಗ್ಗ. ಈ ವರ್ಗದಲ್ಲಿ 1964ರಲ್ಲಿ ಮಾರುಕಟ್ಟೆಗೆ ಬಂದ ರುಗರ್ 10/22 ಇಂದಿಗೂ ತಯಾರಾಗುತ್ತಿದೆ. ಇದರ ನಳಿಗೆಯನ್ನು ಬಿಗಿದಿಡುವುದು ಕೇವಲ ಎರಡು ತಿರುಪುಗಳು. ಆದುದರಿಂದ ನಳಿಗೆ, ಟ್ರಿಗರ್, ಮರದ ಹಿಡಿ ಮುಂತಾದುವನ್ನು ತನ್ನ ಅಭಿರುಚಿಗೆ ತಕ್ಕಂತೆ ಬದಲಿಸಿಕೊಳ್ಳುವುದೇ ಬಳಕೆದಾರನಿಗೆ ಅರ್ಧ ಆನಂದ. ಆ ಬಿಡಿಭಾಗಗಳನ್ನು ತಯಾರಿಸುವ ಅನೇಕ ಸಣ್ಣ ಉದ್ದಿಮೆಗಳು ಇದರ ಆಶ್ರಯದಲ್ಲಿಯೇ ಬೆಳೆದಿವೆ. ಅಂತೆಯೇ, ರೈಫಲ್ ಆರಿಸುವವರು ಬೆಲೆಗಿಂತ ಮೊದಲು ಬಿಡಿಭಾಗಗಳ ಲಭ್ಯತೆಯನ್ನು ವಿಚಾರಿಸುವುದು ವಿವೇಕ. ಬಿಡಿಭಾಗಗಳ ವ್ಯಾಪಾರವನ್ನೆಲ್ಲ ತನ್ನ ಮುಷ್ಟಿಯಲ್ಲೇ ಇರಿಸಿಕೊಳ್ಳಬಯಸುವ ತಯಾರಕನಿಗೆ ತತ್ಕಾಲಕ್ಕೆ ಲಾಭವಾಗಬಹುದು. ಆದರೆ ಇತರರಿಗೂ ಅವಕಾಶ ನೀಡಿದ ಸರಕು ಆರು ದಶಕ ದಾಟಿ ಬಾಳಿದೆ. ನಮ್ಮ ಉದ್ಯಮಿಗಳು ಹೊಸ ಉತ್ಪನ್ನದ ನಕ್ಷೆ ಸಿದ್ಧಪಡಿಸುವಾಗಲೇ ಈ ಅಂಶವನ್ನು ಪರಿಗಣಿಸುವುದು ಒಳಿತು.