ತಪ್ಪು ಯಂತ್ರದ್ದೋ, ಕಡತದ್ದೋ?

ಮುಂಡರಗಿ ತಾಲೂಕಿನ ಡಂಬಳದಿಂದ ವಾಚಕಿಯೊಬ್ಬರು ಬರೆದ ಪತ್ರವು ಈ ವಾರ ನಮ್ಮ ಮುಂದಿದೆ. ತಮ್ಮ ಅಜ್ಜಿಗೆ ಎಂಬತ್ತು ತುಂಬುವ ದಿನ ಮನೆಮಂದಿಗೆಲ್ಲ ತೋರಿಸಲೆಂದು ಅವರು ಒಂದು ಚಿಕ್ಕ ಚಿತ್ರವನ್ನು ಸಿದ್ಧಪಡಿಸುತ್ತಿದ್ದಾರೆ. ಅಜ್ಜಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಹಳೆಯ ಸಂಗತಿಗಳನ್ನು ಹೇಳಿದ್ದು ಒಂದು ಭಾಗ. ಊರಿನ ದೊಡ್ಡಬಸಪ್ಪನ ಗುಡಿಯನ್ನು ಸುತ್ತಿ ಬಂದದ್ದು ಇನ್ನೊಂದು. ಎರಡನ್ನೂ ತೆಗೆದದ್ದು ಮೊಬೈಲಿನಲ್ಲಿ. ಅಲ್ಲಿ ಸರಾಗವಾಗಿ ಓಡುವ ಈ ವಿಡಿಯೋಗಳು ಕಂಪ್ಯೂಟರಿನಲ್ಲಿ ಸಂಕಲನಕ್ಕೆ ಕುಳಿತೊಡನೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತವೆ. ಗುಡಿಯ ಭಾಗವಂತೂ ಕದಲುವುದೇ ಇಲ್ಲ. ಅಜ್ಜಿಯ ಭಾಗದಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಿದೆ. ಹೊಸ ಕಂಪ್ಯೂಟರನ್ನು ಕೊಳ್ಳದೆ ಗತಿಯಿಲ್ಲವೆಂದು ತಿಳಿದವರೊಬ್ಬರು ಹೇಳಿದ್ದಾರೆ. ಈ ಸಲದ ಕಡಲೆಯ ಹಣವನ್ನು ಅದಕ್ಕೆಂದೇ ತೆಗೆದಿರಿಸಿದ್ದಾರಂತೆ.

ಆ ಹಣ ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇರಲಿ.

ಕಡತದ ಹೆಸರಿನ ಕೊನೆಯಲ್ಲಿ 'ಎಂಪಿ4' ಎಂದೋ 'ಎಂಓವಿ' ಎಂದೋ ಇರುತ್ತದೆ. ಅದು ಚೀಲದ ಗುರುತು ಮಾತ್ರ. ಒಳಗಿರುವುದು ಜೋಳವೋ ಗೋದಿಯೋ ಎಂಬುದು ಅದರಿಂದ ತಿಳಿಯದು. ಚಿತ್ರವನ್ನು ಅಡಕಗೊಳಿಸಿ ತುಂಬುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು. 2003ರಲ್ಲಿ ಎಚ್.264 ಬಂದಿತು. ಅದಕ್ಕಿಂತ ಬಿಗಿಯಾಗಿ ಅಡಕುವ ಎಚ್.265, ಅರ್ಥಾತ್ ಎಚ್‌ಇವಿಸಿ, 2013ರಲ್ಲಿ ಬಂದಿತು. ಐಫೋನು 2017ರಿಂದ ಇದನ್ನೇ ಬಳಸತೊಡಗಿತು. ಇಂದು ಇತರ ಅನೇಕ ಮೊಬೈಲುಗಳಲ್ಲಿಯೂ ಇದುಂಟು. ಇದರ ಗುಣವೆಲ್ಲ ಸ್ಥಳದ ಉಳಿತಾಯದಲ್ಲಿದೆ. ಸಂಕಲನಕಾರನ ಸೌಕರ್ಯವನ್ನು ಎಣಿಸಿ ಮಾಡಿದ್ದಲ್ಲ.

ಅಂಗಡಿಯ ಕಿರ್ದಿಪುಸ್ತಕವನ್ನು ನೆನೆಯಿರಿ. ತಿಂಗಳ ಮೊದಲ ದಿನ ಪೂರ್ತಿ ಶಿಲ್ಕು ಬರೆದು, ಆಮೇಲೆ ದಿನದಿನದ ಜಮಾಖರ್ಚನ್ನಷ್ಟೇ ಬರೆಯುತ್ತ ಹೋದರೆ ಕಾಗದವೇನೋ ಉಳಿಯುತ್ತದೆ. ಆದರೆ ಹದಿನೇಳನೆಯ ತಾರೀಖಿಗೆ ಶಿಲ್ಕೆಷ್ಟು ಎಂದು ಯಾರಾದರೂ ಕೇಳಿದರೆ, ಗುಮಾಸ್ತನು ಮೊದಲ ಪುಟಕ್ಕೆ ಹೋಗಿ ಕೂಡಿ ಕಳೆದು ಬರಬೇಕು. ಎಚ್‌ಇವಿಸಿ ಕಡತವೂ ಹಾಗೆಯೇ. ಎಲ್ಲೋ ಒಂದು ಚಿತ್ರವು ಪೂರ್ತಿಯಾಗಿರುತ್ತದೆ. ನಡುವಿನವು ಬದಲಾದುದನ್ನಷ್ಟೇ ಹೇಳುತ್ತವೆ. ಕೆಲವು ಚಿತ್ರಗಳು ಮುಂದೆ ಬರುವ ಚಿತ್ರವನ್ನೂ ಆಶ್ರಯಿಸಿರುತ್ತವೆ. ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ನೋಡುವವನಿಗೆ ಇದರಿಂದ ತೊಂದರೆಯಿಲ್ಲ. ಸಂಕಲನ ಮಾಡುವವರು ಹಿಂದಕ್ಕೆ ಎಳೆಯುತ್ತಾರೆ, ನಡುವೆ ಕತ್ತರಿಸುತ್ತಾರೆ. ಪ್ರತಿ ಸಲವೂ ಗುಮಾಸ್ತನು ಪುಟ ತಿರುವಬೇಕಾಗುತ್ತದೆ.

ಗುಡಿಯ ಭಾಗವೇ ಹೆಚ್ಚು ತಡೆಯಲು ಕಾರಣವೂ ಇದರಲ್ಲಿಯೇ ಇದೆ. ಅಜ್ಜಿಯ ಚಿತ್ರದಲ್ಲಿ ಗೋಡೆ, ಒಲೆ, ಕೊಣಮಿಗೆ ಎಲ್ಲವೂ ನಿಂತಲ್ಲಿಯೇ ಇವೆ. ಚಲಿಸುವುದು ಕೈ ಮತ್ತು ಮುಖ. ದೊಡ್ಡಬಸಪ್ಪನ ಗುಡಿಯಾದರೋ ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಶಿಲ್ಪ. ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರಾಕಾರದ ಗರ್ಭಗೃಹದ ಹೊರಮೈ. ಮೂಲೆಮೂಲೆಗೂ ಸೂಕ್ಷ್ಮವಾದ ಕೆತ್ತನೆ. ನಡೆಯುತ್ತ ಸುತ್ತುವಾಗ ಕ್ಷಣಕ್ಷಣಕ್ಕೂ ಇಡೀ ಚಿತ್ರವೇ ಬದಲಾಗುತ್ತದೆ. ಬರೆದಿಡಬೇಕಾದ ಬದಲಾವಣೆ ಹೆಚ್ಚಿದಷ್ಟೂ ಬಿಡಿಸುವ ಶ್ರಮವೂ ಹೆಚ್ಚು. ಆ ಶಿಲ್ಪಿಯ ಕೈಚಳಕಕ್ಕೆ ಯಂತ್ರವೂ ಒಂದಿಷ್ಟು ತಿಣುಕಿದರೆ ನಮಗೆ ಬೇಸರವಿಲ್ಲ!

ಇನ್ನು ಉಪಾಯ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್, ಶಾಟ್‌ಕಟ್ ಇವು ಹಣವಿಲ್ಲದೆ ದೊರೆಯುವ ತಂತ್ರಾಂಶಗಳು. ಮೂರರಲ್ಲಿಯೂ 'ಪ್ರಾಕ್ಸಿ' ಎಂಬ ಸೌಲಭ್ಯವುಂಟು. ಮೂಲ ಕಡತವನ್ನು ಮುಟ್ಟದೆ ಅದರ ಹಗುರವಾದ ಪ್ರತಿಯೊಂದನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ. ನೀವು ಕತ್ತರಿಸಿ ಜೋಡಿಸುವುದು ಆ ಪ್ರತಿಯನ್ನು ನೋಡಿ. ಕೊನೆಯ ಚಿತ್ರ ಹೊರಬರುವುದು ಮೂಲದಿಂದ. ಗುಡಿಯ ಭಾಗಕ್ಕೆ ಇಷ್ಟು ಸಾಕು. ಪ್ರತಿಯ ಅಗಲವನ್ನು ಮೂಲದ ಅರ್ಧಕ್ಕೋ ಕಾಲುಭಾಗಕ್ಕೋ ಇಳಿಸಿರಿ.

ಮೊದಲು ಒಂದೇ ನಿಮಿಷದ ತುಣುಕಿಗೆ ಪ್ರಾಕ್ಸಿ ಮಾಡಿ ನೋಡುವುದು ಜಾಣತನ. ಅದು ಸರಾಗವಾಗಿ ಓಡಿತೆಂದರೆ ಇರುವ ಕಂಪ್ಯೂಟರಿನಿಂದಲೇ ನಿಮ್ಮ ಕೆಲಸ ಸಾಗುತ್ತದೆ. ಅದೂ ತಡವರಿಸಿದರೆ ಮಾತ್ರ ಡಿಸ್ಕು, ಮೆಮೊರಿಗಳ ವಿಚಾರ.

ಅಜ್ಜಿಯ ಭಾಗದ ರೋಗ ಬೇರೆ. ಮೊಬೈಲು ಸೆಕೆಂಡಿಗೆ 30 ಚಿತ್ರವೆಂದು ಹೇಳಿದರೂ ಬೆಳಕು ಕಡಿಮೆಯಾದಾಗ 28, 25 ಎಂದು ಏರಿಳಿಯುವುದುಂಟು. ಒಲೆಯ ಮುಂದಿನ ಮಬ್ಬು ಬೆಳಕಿನಲ್ಲಿ ಹೀಗಾಗಿರುವ ಸಂಭವವೇ ಹೆಚ್ಚು. ಧ್ವನಿ ಮಾತ್ರ ಒಂದೇ ಗತಿಯಲ್ಲಿ ನಡೆಯುತ್ತದೆ. ತಂತ್ರಾಂಶವು ಚಿತ್ರಗಳನ್ನು ಸಮಾನ ಅಂತರದಲ್ಲಿ ಹೊಂದಿಸಹೋದಾಗ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಇಂಥ ಕಡತವನ್ನು ತೆರೆದರೆ ಶಾಟ್‌ಕಟ್ ತಾನಾಗಿಯೇ ಗುರುತಿಸಿ, ಸಂಕಲನಯೋಗ್ಯ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಒಪ್ಪಿಕೊಳ್ಳಿರಿ. ಜೋಡಣೆಗೆ ಕೈಹಚ್ಚುವ ಮೊದಲೇ ಈ ಕೆಲಸ ಮುಗಿಯಬೇಕು.

ಬದಲಿಸಿದ ಕಡತದ ಗಾತ್ರವನ್ನು ಕಂಡು ಗಾಬರಿಯಾಗಬಾರದು. 4ಕೆ ಅಳತೆಯ ಎಚ್‌ಇವಿಸಿ ಚಿತ್ರ ಐಫೋನಿನಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿ ಆಗುತ್ತದೆ. ಅದನ್ನೇ ಪ್ರೋರೆಸ್ 422ಕ್ಕೆ ತಿರುಗಿಸಿದರೆ 4 ಜಿಬಿಯನ್ನೂ ಮೀರುತ್ತದೆ. ಅಲ್ಲಿ ಪ್ರತಿ ಚಿತ್ರವೂ ತನ್ನಷ್ಟಕ್ಕೆ ಪೂರ್ಣ, ದಿನದಿನಕ್ಕೂ ಶಿಲ್ಕು ಬರೆದಂತೆ. ಗಾತ್ರ ಬೆಳೆದ ಮಾತ್ರಕ್ಕೆ ಚಿತ್ರದ ಅಂದ ಹೆಚ್ಚುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು.

ಹೀಗೆ ಡಿಸ್ಕು ತುಂಬಿದಾಗ ಅನೇಕರು ಮೂಲ ಕಡತಗಳನ್ನೇ ಅಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಗುಡಿಯನ್ನು ಬರುವ ವರ್ಷವೂ ಸುತ್ತಿ ಬರಬಹುದು. ಅಜ್ಜಿ ಅಂದು ಹೇಳಿದ್ದನ್ನು ಅದೇ ಧ್ವನಿಯಲ್ಲಿ ಮತ್ತೆ ಹೇಳಿಯಾರೆಂಬ ಭರವಸೆ ಯಾರಿಗಿದೆ? ಆ ಮೂಲವನ್ನು ಇನ್ನೊಂದು ಡಿಸ್ಕಿಗೆ ಇಂದೇ ಪ್ರತಿಮಾಡಿರಿ. ಚಿತ್ರ ಸಿದ್ಧವಾದ ಮೇಲೆ ಅಳಿಸಬಹುದಾದುದು ಪ್ರಾಕ್ಸಿಗಳನ್ನು ಮಾತ್ರ.