‘ಆಗುತ್ತೆ ಸಾರ್’ ಎಂಬ ಮಾತಿಗೆ ಜರ್ಮನಿಯಲ್ಲಿ ಬೆಲೆ ಹೆಚ್ಚು

ಜರ್ಮನಿಯಲ್ಲಿ ನುರಿತ ಕೆಲಸಗಾರರ ಕೊರತೆ ಇದೆ. ಭಾರತೀಯ ವೃತ್ತಿಪರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಅಲ್ಲಿನ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ನಮ್ಮ ಎಂಜಿನಿಯರ್‌ಗಳು, ನರ್ಸ್‌ಗಳು, ಲೆಕ್ಕಪತ್ರದವರು ಇತ್ತ ಮುಖ ಮಾಡಿದ್ದಾರೆ. ವೀಸಾ, ಬಾಡಿಗೆ ಮನೆ, ಭಾಷೆಯ ಬಗ್ಗೆ ಎಲ್ಲರೂ ವಿಚಾರಿಸಿಕೊಂಡೇ ಬರುತ್ತಾರೆ. ಎಡವುವುದು ಬೇರೆ ಕಡೆ. ಇಲ್ಲಿನ ಕಚೇರಿಗಳಲ್ಲಿ ಯಾವುದು ಮರ್ಯಾದೆ, ಯಾವುದು ಹೊಣೆಗೇಡಿತನ ಎಂಬುದು ನಮ್ಮ ಲೆಕ್ಕಕ್ಕೆ ತಾಳೆಯಾಗುವುದಿಲ್ಲ.

ನನ್ನದೇ ಉದಾಹರಣೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಸಿಎ ಮುಗಿಸಿ, ಕೆಲವು ವರ್ಷ ಆಡಿಟ್ ಮಾಡಿ ಇಲ್ಲಿಗೆ ಬಂದಿದ್ದೆ. ವರ್ಷಾಂತ್ಯದ ಲೆಕ್ಕ ಮುಗಿಸುವ ಸಮಯ. ‘ಬ್ಯಾಂಕ್ ಲೆಕ್ಕದ ತಾಳೆ ಶುಕ್ರವಾರಕ್ಕೆ ಮುಗಿಯುತ್ತದೆಯೇ?’ ಎಂದು ಮೇಲಧಿಕಾರಿ ಸೋಮವಾರ ಕೇಳಿದರು. ಮುಗಿಯುವುದು ಕಷ್ಟ ಎಂದು ಗೊತ್ತಿದ್ದೂ ‘ಆಗುತ್ತೆ’ ಎಂದೆ. ಮೇಲಿನವರ ಮುಖಕ್ಕೆ ಇಲ್ಲ ಎನ್ನುವುದು ಹೇಗೆ? ಮದುವೆಗೆ ಕರೆಯಲು ಬಂದವರಿಗೆ ನಾವು ‘ಖಂಡಿತ ಬರ್ತೀವಿ’ ಎನ್ನುತ್ತೇವೆ. ಅದರಲ್ಲಿ ಎಷ್ಟು ಖಂಡಿತವಿದೆ ಎಂದು ಕರೆದವರಿಗೂ ತಿಳಿದಿರುತ್ತದೆ. ನನ್ನ ಮೇಲಧಿಕಾರಿಗೆ ತಿಳಿದಿರಲಿಲ್ಲ. ಅವರು ನನ್ನ ಮಾತು ನಂಬಿ ಆಡಿಟರ್‌ಗಳಿಗೆ ದಿನ ಕೊಟ್ಟಿದ್ದರು. ಶುಕ್ರವಾರ ಅವರು ‘ಯಾಕೆ ಆಗಲಿಲ್ಲ’ ಎಂದು ಕೇಳಲಿಲ್ಲ. ‘ಸೋಮವಾರವೇ ಯಾಕೆ ಹೇಳಲಿಲ್ಲ’ ಎಂದು ಕೇಳಿದರು.

ಇಲ್ಲಿ ‘ಆಗುವುದಿಲ್ಲ, ಇನ್ನೆರಡು ದಿನ ಬೇಕು’ ಎನ್ನುವುದು ಎದುರುತ್ತರವಲ್ಲ. ಉಳಿದವರು ತಮ್ಮ ಕೆಲಸ ಹೊಂದಿಸಿಕೊಳ್ಳಲು ಬೇಕಾದ ಮಾಹಿತಿ. ಹಾಗೆಯೇ ಸಭೆಯಲ್ಲಿ ‘ಈ ಪಟ್ಟಿ ತಪ್ಪು’ ಎಂದು ನೇರವಾಗಿ ಹೇಳಿದವರು ಮಧ್ಯಾಹ್ನ ಜತೆಯಲ್ಲೇ ಊಟಕ್ಕೆ ಕೂರುತ್ತಾರೆ. ತಪ್ಪು ಎಂದದ್ದು ಪಟ್ಟಿಗೆ, ಪಟ್ಟಿ ಮಾಡಿದವನಿಗಲ್ಲ.

ಜ್ವರವಿದ್ದರೂ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ನಿಷ್ಠೆ. ಇಲ್ಲಿ ಅದು ಪಕ್ಕದವರಿಗೂ ಜ್ವರ ಹಚ್ಚುವ ಕೆಲಸ. ಸೇರಿ ನಾಲ್ಕು ವಾರ ಕಳೆದವರಿಗೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ ಕೊಡಬೇಕೆಂದು ಕಾನೂನೇ ಇದೆ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಇದೆ. ಅದನ್ನು ತೆಗೆದುಕೊಳ್ಳದೆ ದುಡಿದರೆ ಯಾರೂ ಬೆನ್ನು ತಟ್ಟುವುದಿಲ್ಲ.

ಇದು ಬರೀ ರೀತಿ ರಿವಾಜಿನ ಮಾತಲ್ಲ. ಹೊಸಬರಿಗೆ ಸಾಮಾನ್ಯವಾಗಿ ಆರು ತಿಂಗಳ ಪ್ರೊಬೇಷನ್ ಇರುತ್ತದೆ. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ಕೆಲಸವನ್ನೇ ನಂಬಿದ ವೀಸಾ, ಊರಲ್ಲಿ ಕಟ್ಟುತ್ತಿರುವ ಸಾಲದ ಕಂತು ಎರಡೂ ಆಗ ತೂಗುಯ್ಯಾಲೆಗೆ ಬೀಳುತ್ತವೆ. ಕೆಲಸ ಬಾರದೆ ಅಲ್ಲ, ‘ಮಾತು ನಂಬುವಂತಿಲ್ಲ’ ಎಂಬ ಹೆಸರು ಬಂದು ಇಕ್ಕಟ್ಟಿಗೆ ಸಿಕ್ಕಿದ ಹುಡುಗರನ್ನು ನೋಡಿದ್ದೇನೆ.

ಹಾಗೆಂದು ಬದಲಾಗಬೇಕಾದವರು ನಾವು ಮಾತ್ರವೇ? ನಮ್ಮ ‘ನೋಡೋಣ’ ಸುಳ್ಳಲ್ಲ, ಎದುರಿನವರ ಮನಸ್ಸು ನೋಯಿಸಬಾರದೆಂಬ ಎಚ್ಚರ. ಒಂದು ದಿನ ಇದನ್ನೇ ಮೇಲಧಿಕಾರಿಗೆ ಬಿಡಿಸಿ ಹೇಳಿದೆ. ಈಗ ಅವರು ಭಾರತದಿಂದ ಬಂದ ಹೊಸಬರನ್ನು ‘ಶುಕ್ರವಾರಕ್ಕೆ ಆಗುತ್ತದೆಯೇ’ ಎಂದು ಕೇಳುವುದಿಲ್ಲ. ‘ಎಷ್ಟು ದಿನ ಬೇಕು’ ಎಂದು ಕೇಳುತ್ತಾರೆ. ಅದಕ್ಕೆ ಹೂಂ ಎಂದರೆ ಸಾಲದು, ಲೆಕ್ಕ ಹೇಳಲೇಬೇಕು.

ಊರಲ್ಲಿರುವ ಮನೆಯವರಿಗೂ ಒಂದು ಮಾತು. ‘ಸಾಹೇಬರಿಗೆ ಎದುರಾಡಬೇಡ, ಹೇಳಿದ್ದಕ್ಕೆಲ್ಲ ಹೂಂ ಅನ್ನು’ ಎಂದು ನನ್ನ ಅಮ್ಮ ವಿಮಾನ ಹತ್ತುವ ಮುನ್ನ ಹೇಳಿದ್ದರು. ಪ್ರೀತಿಯ ಮಾತು, ಆದರೆ ಇಲ್ಲಿಗೆ ಹೊಂದುವುದಿಲ್ಲ. ಮಗನೋ ಸೊಸೆಯೋ ಫೋನಿನಲ್ಲಿ ‘ಇವತ್ತು ಬಾಸ್ ಬೈದರು’ ಎಂದರೆ ಗಾಬರಿಯಾಗಬೇಡಿ. ಯಾವ ಕೆಲಸದ ಬಗ್ಗೆ, ಏನು ಹೇಳಿದರು ಎಂದು ಕೇಳಿ. ‘ನಿನಗೆ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದೆಯಾ?’ ಎಂದೂ ಕೇಳಿ.