ಕೇಳದವನೂ ಕೇಳಿಸದವನೂ ಒಂದೇ ಅಲ್ಲ



ಪ್ರಶ್ನೆ ಕೇಳಿದಾಗ ಯಾರಾದರೂ 'ಆಂ?' ಅಂದರೆ ನಾವೆಲ್ಲ ನಗುತ್ತೇವೆ. ಇನ್ನೊಂದು ಸಲ 'ಆಂ?' ಅಂದರೆ 'ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ' ಎಂಬ ಗಾದೆ ಬರುತ್ತದೆ. ಮೂರನೇ ಸಲಕ್ಕೆ ಕಿವಿ ಹಿಂಡುವುದೇ! ಈ ಗಾದೆಯ ಮೇಲೆ ನನ್ನದೊಂದು ತಕರಾರಿದೆ. ಕೋಣಕ್ಕೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಗದ್ದೆಯ ಆ ಬದುವಿನಿಂದ ಕೂಗಿದರೂ ತಿರುಗಿ ನೋಡುತ್ತದೆ. ಅದಕ್ಕೆ ಕಿನ್ನರಿ ಬೇಕಿಲ್ಲ, ಅಷ್ಟೆ. ಆದರೆ 'ಆಂ?' ಅಂದವನಿಗೆ ಪಾಠ ಬೇಕಿರುತ್ತದೆ, ಪಾಪ, ಅದು ಕೇಳಿಸಿರುವುದಿಲ್ಲ. ಮಾತು ಕೇಳದವನೇ ಬೇರೆ, ಮಾತು ಕೇಳಿಸದವನೇ ಬೇರೆ. ಇಬ್ಬರಿಗೂ ಒಂದೇ ಶಿಕ್ಷೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕೇಳಿಸುವುದು ಅಂದರೆ ಏನು? ತಮಟೆಯ ಮೇಲೆ ನಾಲ್ಕು ರಾಗಿ ಕಾಳು ಹಾಕಿ ಮೆಲ್ಲಗೆ ಬಡಿದು ನೋಡಿ. ಕಾಳು ಕುಣಿಯುತ್ತವೆ. ಚರ್ಮ ಕಂಪಿಸುವುದರಿಂದ ಶಬ್ದ ಹುಟ್ಟುತ್ತದೆ. ಆ ಕಂಪನ ಗಾಳಿಯಲ್ಲಿ ಅಲೆಯಾಗಿ, ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನಮ್ಮ ಕಿವಿಗೆ ಬರುತ್ತದೆ. ನಮ್ಮ ಕಿವಿಯೊಳಗೂ ಒಂದು ಪುಟ್ಟ ತಮಟೆ ಇದೆ. ಅದರ ಹೆಸರೇ ಕಿವಿತಮಟೆ. ಅದು ಅದುರಿದಾಗ ಅದರ ಹಿಂದಿರುವ ಮೂರು ಪುಟಾಣಿ ಮೂಳೆಗಳು ಅದುರುತ್ತವೆ. ಅವುಗಳಲ್ಲಿ ಕೊನೆಯದು ನಮ್ಮ ದೇಹದಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್ ಮಾತ್ರ. ಅದರಾಚೆಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗಿನ ದ್ರವವೂ ಸಣ್ಣ ರೋಮಕೋಶಗಳೂ ಅಲುಗಾಡಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಆಗ ನಮಗೆ ಕೇಳಿಸಿತು ಅಂತ ಅರ್ಥ.

ಇಷ್ಟು ದೊಡ್ಡ ದಾರಿಯಲ್ಲಿ ಎಲ್ಲಿ ಬೇಕಾದರೂ ಅಡ್ಡಿ ಬರಬಹುದು. ಗುಗ್ಗೆ ತುಂಬಬಹುದು. ಕಿವಿ ಸೋರಿ ತಮಟೆಯಲ್ಲಿ ತೂತು ಬೀಳಬಹುದು. ನೆಗಡಿಯಾದಾಗ, ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡು ತಮಟೆಯ ಹಿಂದೆ ನೀರು ನಿಲ್ಲಬಹುದು. ಮಳೆಯಲ್ಲಿ ನೆನೆದ ತಮಟೆ ಸರಿಯಾಗಿ ನುಡಿಯುತ್ತದೆಯೇ? ಇದೂ ಹಾಗೇ. ಚಿಕ್ಕ ಮಕ್ಕಳಿಗೆ ಇದು ಹೆಚ್ಚು. ಕೆಲವು ವಾರ ಮಂದವಾಗಿದ್ದ ಕಿವಿ ಆಮೇಲೆ ತಾನೇ ಸರಿಹೋಗುವುದೂ ಉಂಟು. ಆದ್ದರಿಂದ 'ಹೋದ ತಿಂಗಳು ಕೇಳಿಸ್ತಿತ್ತು, ಈಗ ಕೇಳಿಸಲ್ವಾ? ನಾಟಕ ಆಡ್ತೀಯಾ?' ಎಂದು ಬೈಯುವುದು ತಪ್ಪು. ಅದು ನಾಟಕವಲ್ಲ, ನೆಗಡಿ ಇರಬಹುದು.

ಇನ್ನೊಂದು ವಿಷಯ. ಸ್ವಲ್ಪ ಮಂದ ಕಿವಿಯವರಿಗೆ ಏನೂ ಕೇಳಿಸುವುದಿಲ್ಲ ಅಂತಲ್ಲ, ಅರ್ಧಂಬರ್ಧ ಕೇಳಿಸುತ್ತದೆ. ಅ, ಆ, ಓ ಎಂಬ ಸ್ವರಗಳು ಜೋರು. ಕ, ತ, ಸ ಮುಂತಾದವುಗಳ ಸದ್ದು ಮೆಲು. ಅದಕ್ಕೇ ಉಕ್ತಲೇಖನದಲ್ಲಿ 'ಕಪ್ಪು' ಅಂದರೆ 'ತಪ್ಪು' ಅಂತ ಬರೆಯಬಹುದು. ದೂರ ಹೋದಷ್ಟೂ ಶಬ್ದ ಕಡಿಮೆಯಾಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊಠಡಿಯಲ್ಲಿ ಗೋಡೆಗೆ ಬಡಿದು ಬರುವ ಶಬ್ದವೂ ಸೇರುವುದರಿಂದ ಅಷ್ಟೊಂದು ಇಳಿಯದು. ಆದರೂ ಮೊದಲ ಸಾಲಿಗೂ ಕೊನೆಯ ಸಾಲಿಗೂ ವ್ಯತ್ಯಾಸ ಇದ್ದೇ ಇದೆ. ಮೇಲೆ ಶೀಟಿನ ಸೂರಿನ ಮೇಲೆ ಮಳೆ ಬಿದ್ದರಂತೂ ದೇವರೇ ಗತಿ!

ಆದ್ದರಿಂದ ಗುರುಗಳಲ್ಲಿ ನನ್ನ ಕೆಲವು ವಿನಂತಿಗಳು. ಎತ್ತರದ ಪ್ರಕಾರ ಕೂರಿಸುವಾಗ ಕಿವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಉದ್ದ ಇದ್ದವರನ್ನು ಮುಂದಿನ ಸಾಲಿನಲ್ಲೇ ಗೋಡೆಯ ಪಕ್ಕ ಕೂರಿಸಿದರೆ ಹಿಂದಿನವರಿಗೆ ಅಡ್ಡ ಆಗುವುದಿಲ್ಲ. ಕರಿಹಲಗೆಯ ಮೇಲೆ ಬರೆಯುತ್ತಲೇ ಪಾಠ ಹೇಳಬೇಡಿ. ಬರೆದು, ನಮ್ಮ ಕಡೆ ತಿರುಗಿ ಹೇಳಿ. ಕೆಲವರು ತುಟಿ ನೋಡಿಯೇ ಅರ್ಧ ತಿಳಿದುಕೊಳ್ಳುತ್ತಾರೆ. ಮುಖ್ಯವಾಗಿ, ಯಾರೂ ಕಪಾಳಕ್ಕೆ ಹೊಡೆಯಬಾರದು. ಅಂಗೈ ಏಟು ಕಿವಿಯ ಮೇಲೆ ಬಿದ್ದರೆ ತಮಟೆ ಹರಿಯಬಹುದು. ಕೇಳಿಸಲಿಲ್ಲ ಅಂತ ಹೊಡೆದು, ಇನ್ನೂ ಕೇಳಿಸದ ಹಾಗೆ ಮಾಡಿದರೆ ಏನು ಬಂತು? 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಮಕ್ಕಳನ್ನು ಹೊಡೆಯಬಾರದು ಅನ್ನುತ್ತದೆ.

'ಸುಳ್ಳು ಹೇಳೋರೂ ಇರ್ತಾರಲ್ಲ?' ಎಂದು ಕೆಲವರು ಕೇಳಬಹುದು. ಇರ್ತಾರೆ. ಆದರೆ ಪರೀಕ್ಷೆ ಮಾಡದೆ ಹೇಗೆ ಗೊತ್ತಾಗುತ್ತದೆ? ಶಾಲೆಗೆ ಡಾಕ್ಟರು ಬಂದಾಗ ನಾವು ಹಲ್ಲು, ಕಣ್ಣು ತೋರಿಸಿ ಓಡುತ್ತೇವೆ. ಕಿವಿಯನ್ನೂ ತೋರಿಸೋಣ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಶ್ರವಣ ಸಾಧನವನ್ನೂ ಹೊಂದಿಸುತ್ತಾರೆ.

ಗೆಳೆಯರೇ, ನಮ್ಮ ಪಾಲಿನ ಕೆಲಸವೂ ಇದೆ. ಕಿವಿಗೆ ಕಡ್ಡಿ, ಪಿನ್ನು ಹಾಕಬೇಡಿ. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಜಾತ್ರೆಯಲ್ಲಿ ದೊಡ್ಡ ಸ್ಪೀಕರಿನ ಪಕ್ಕ ನಿಂತು ಕುಣಿಯಬೇಡಿ. ಕಾಕ್ಲಿಯಾದ ರೋಮಕೋಶ ಸತ್ತರೆ ಮನುಷ್ಯರಿಗೆ ಮತ್ತೆ ಹುಟ್ಟುವುದಿಲ್ಲ. ಕನ್ನಡಕ ಹಾಕಿದವರನ್ನು 'ಕುರುಡ' ಅನ್ನದ ನಾವು, ಕಿವಿಗೆ ಮಿಷನ್ ಹಾಕಿದವರನ್ನು 'ಕೆಪ್ಪ' ಅನ್ನುವುದು ಯಾವ ನ್ಯಾಯ? ಪಕ್ಕದವರು 'ಆಂ?' ಅಂದರೆ ಇನ್ನೊಂದು ಸಲ ಹೇಳೋಣ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಇದನ್ನು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದುಕೊಡಿ. ಗೋಡೆಯಲ್ಲಿ ಜಾಗ ಇದೆ.

— ಏಳನೇ ತರಗತಿಯ ವಿದ್ಯಾರ್ಥಿ